ಬಂಕ್ ಮುಚ್ಚಿದ ಮೇಲೂ ಬಾವಿಗೆ ಕಾವಲು ಬೇಕು

ಪೆಟ್ರೋಲ್ ಬಂಕ್ ತೆರೆಯುವವರು ಹಲವು ಕಚೇರಿಗಳ ಮೆಟ್ಟಿಲು ಹತ್ತಬೇಕು. ಭೂಪರಿವರ್ತನೆಯ ಆದೇಶ, ಜಿಲ್ಲಾಧಿಕಾರಿಯ ನಿರಾಕ್ಷೇಪಣಾ ಪತ್ರ, ಹೆದ್ದಾರಿ ಬದಿಯಾದರೆ ಹೆದ್ದಾರಿ ಇಲಾಖೆಯ ಅನುಮತಿ, ಕೊನೆಗೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ, ಅಂದರೆ ಪೆಸೊದ, ಪರವಾನಗಿ. ಇಷ್ಟು ಕೈಸೇರದೆ ಒಂದು ಲೀಟರ್ ಪೆಟ್ರೋಲ್ ಮಾರುವಂತಿಲ್ಲ. ಅದೇ ಬಂಕ್ ಇಪ್ಪತ್ತು ಮೂವತ್ತು ವರ್ಷ ನಡೆದು ಮುಚ್ಚುವಾಗ ಈ ಬಿಗಿ ಸಡಿಲವಾಗುತ್ತದೆ. ಗುತ್ತಿಗೆ ಮುಗಿಯುತ್ತದೆ, ರಸ್ತೆ ಅಗಲವಾಗುತ್ತದೆ, ವ್ಯಾಪಾರ ಬೇರೆ ಕಡೆಗೆ ಹೋಗುತ್ತದೆ. ಯಂತ್ರಗಳು, ಬೋರ್ಡು, ಚಾವಣಿ ಎಲ್ಲವೂ ಲಾರಿ ಏರುತ್ತವೆ. ಜಾಗ ಮಾಲೀಕನ ಕೈಗೆ ಮರಳುತ್ತದೆ. ಅಲ್ಲಿ ಅಂಗಡಿ ಮಳಿಗೆಯೋ ಮನೆಯೋ ಹೋಂಸ್ಟೇಯೋ ಏಳುತ್ತದೆ. ನೆಲದಡಿಯ ಟ್ಯಾಂಕಿನ ಸುತ್ತಲಿನ ಮಣ್ಣು ಹೇಗಿದೆ, ಕೆಳಗಿನ ಮನೆಯ ಬಾವಿಯ ನೀರು ಹೇಗಿದೆ ಎಂಬ ಎರಡು ಪ್ರಶ್ನೆಗಳನ್ನು ಯಾರೂ ಕೇಳದೆ ಕಡತ ಮುಚ್ಚಿಹೋಗಬಹುದು.

ಕೊಡಗಿನಲ್ಲಿ ಹಾಗಾಗಲು ಬಿಡಬಾರದು ಎಂಬುದೇ ಈ ಲೇಖನದ ವಾದ. ಬಂಕ್ ಮುಚ್ಚುವ ದಿನವೇ ಮಣ್ಣು ಮತ್ತು ಅಂತರ್ಜಲದ ಪರೀಕ್ಷೆ ನಡೆಯಬೇಕು, ಅದರ ವರದಿ ಸರಕಾರಿ ಕಡತಕ್ಕೆ ಸೇರಬೇಕು, ಆ ವರದಿಯಿಲ್ಲದೆ ಜಾಗ ಕೈ ಬದಲಾಗಬಾರದು. ಕಲುಷಿತವೆಂದು ಕಂಡರೆ ಶುದ್ಧೀಕರಣದ ಮೇಲಿನ ಸರಕಾರದ ನಿಗಾ ನೀರು ಸರಿಯಾಯಿತೆಂದು ಅಂಕಿಗಳು ಹೇಳುವವರೆಗೂ ಇರಬೇಕು. ಇದಕ್ಕೆ ಬೇಕಾದ ಕಾನೂನು ಬಹುಮಟ್ಟಿಗೆ ನಮ್ಮಲ್ಲಿದೆ. ಅದನ್ನು ಚಾಲನೆಗೆ ತರುವ ಅರ್ಜಿ, ಪರೀಕ್ಷೆ ಮತ್ತು ಪಂಚಾಯಿತಿ ಠರಾವುಗಳು ಮಾತ್ರ ಊರಿನಿಂದಲೇ ಹೊರಡಬೇಕು.

ಒಂದು ಹನಿಯ ಲೆಕ್ಕ

ಬಂಕ್‌ಗಳಲ್ಲಿ ಸಾಮಾನ್ಯವಾಗಿ ಹೂಳುವ ಒಂದೊಂದು ಟ್ಯಾಂಕಿನಲ್ಲಿ 20,000 ಲೀಟರ್ ಹಿಡಿಯುತ್ತದೆ. ಹಳೆಯ ಉಕ್ಕಿನ ಟ್ಯಾಂಕುಗಳಿಗೆ ತುಕ್ಕು ಹಿಡಿಯುತ್ತದೆ. ಟ್ಯಾಂಕಿಗಿಂತ ಹೆಚ್ಚಾಗಿ ಅದರಿಂದ ಯಂತ್ರಕ್ಕೆ ಹೋಗುವ ಪೈಪಿನ ಜೋಡಣೆಗಳಲ್ಲಿ, ಟ್ಯಾಂಕರ್ ಲಾರಿಯಿಂದ ತುಂಬಿಸುವ ಬಾಯಿಯಲ್ಲಿ ಸಣ್ಣ ಸೋರಿಕೆಗಳು ಹುಟ್ಟುತ್ತವೆ. ಸೆಕೆಂಡಿಗೆ ಒಂದು ಹನಿ ಸೋರಿದರೂ ದಿನಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು, ವರ್ಷಕ್ಕೆ ಒಂದೂವರೆ ಸಾವಿರ ಲೀಟರಿಗಿಂತ ಹೆಚ್ಚು ಮಣ್ಣಿಗೆ ಸೇರುತ್ತದೆ. ದಿನಕ್ಕೆ ಸಾವಿರಾರು ಲೀಟರ್ ಮಾರುವ ಬಂಕಿನಲ್ಲಿ ಇಷ್ಟು ವ್ಯತ್ಯಾಸವನ್ನು ಆವಿಯಾಗಿ ಹೋಯಿತೆಂದೋ ಅಳತೆಯ ಹೆಚ್ಚುಕಡಿಮೆಯೆಂದೋ ಬರೆದು ಬಿಡುವುದು ಸುಲಭ. ಬಂಕ್ ನಡೆಸುವವರಿಗೂ ತಿಳಿಯದಂತೆ ಸೋರಿಕೆ ವರ್ಷಗಟ್ಟಲೆ ಮುಂದುವರಿಯುವುದು ಹೀಗೆ.

ಸೋರಿದ ಪೆಟ್ರೋಲ್ ಮಣ್ಣಿನ ಸಂದುಗಳಲ್ಲಿ ಇಳಿದು ಜಲಮಟ್ಟ ತಲುಪುತ್ತದೆ. ನೀರಿಗಿಂತ ಹಗುರವಾದ್ದರಿಂದ ಹಾಲಿನ ಮೇಲಿನ ಕೆನೆಯಂತೆ ಅಲ್ಲಿ ಪದರವಾಗಿ ನಿಲ್ಲುತ್ತದೆ. ಈ ಪದರದಿಂದ ಬೆಂಜೀನ್, ಟೊಲೂನ್, ಈಥೈಲ್ ಬೆಂಜೀನ್, ಕ್ಸೈಲೀನ್ ಎಂಬ ನಾಲ್ಕು ರಾಸಾಯನಿಕಗಳು ನಿಧಾನವಾಗಿ ನೀರಿನಲ್ಲಿ ಕರಗಿ, ಅಂತರ್ಜಲ ಹರಿಯುವ ದಿಕ್ಕಿನಲ್ಲಿ ಸಾಗುತ್ತವೆ. ಇವುಗಳಲ್ಲಿ ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರ್ ತರುತ್ತದೆ ಎಂಬುದು ಸ್ಥಾಪಿತ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ; ಅಮೆರಿಕದ ಮಿತಿ 5 ಮೈಕ್ರೋಗ್ರಾಂ. ನಮ್ಮ ಈಗಿನ ಪೆಟ್ರೋಲಿನಲ್ಲಿ ಶೇ. 1ರವರೆಗೆ ಬೆಂಜೀನ್ ಇರಲು ಅವಕಾಶವಿದೆ. ಅಂದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಎಂಟೂವರೆ ಗ್ರಾಂ. ಅಷ್ಟೂ ನೀರಿಗೆ ಸೇರಿತೆಂದು ಲೆಕ್ಕ ಹಾಕಿದರೆ, ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಆ 10 ಮೈಕ್ರೋಗ್ರಾಂ ಮಿತಿಗೆ ಮುಟ್ಟಿಸಲು ಒಂದೇ ಲೀಟರ್ ಸಾಕು. ವಾಸ್ತವದಲ್ಲಿ ಒಂದಷ್ಟು ಆವಿಯಾಗುತ್ತದೆ, ಒಂದಷ್ಟನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಆದರೂ ಸ್ವಲ್ಪ ಸೋರಿದರೇನಂತೆ ಎನ್ನುವ ಮಾತಿಗೆ ಈ ಲೆಕ್ಕದ ಮುಂದೆ ನಿಲ್ಲುವ ಬಲವಿಲ್ಲ.

ಮೂಗನ್ನೂ ನಂಬುವಂತಿಲ್ಲ. ಬೆಂಜೀನಿನ ವಾಸನೆ ನೀರಿನಲ್ಲಿ ಗೊತ್ತಾಗುವುದು ಆರೋಗ್ಯದ ಮಿತಿಯನ್ನು ಎಷ್ಟೋ ಪಟ್ಟು ದಾಟಿದ ಮೇಲೆ. ಪೆಟ್ರೋಲ್ ವಾಸನೆ ಬಂದರೆ ಅದು ಖಚಿತ ಎಚ್ಚರಿಕೆ. ವಾಸನೆ ಬರಲಿಲ್ಲವೆಂದರೆ ನೀರು ಚೆನ್ನಾಗಿದೆ ಎಂದು ಅರ್ಥವಲ್ಲ. ಪಂಚಾಯಿತಿಗಳ ಮಾಮೂಲಿ ನೀರು ಪರೀಕ್ಷೆಯಲ್ಲಿ ಗಡಸುತನ, ಕಬ್ಬಿಣ, ಫ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾ ಇವನ್ನು ನೋಡುತ್ತಾರೆ. ಬೆಂಜೀನನ್ನು ಹೆಸರಿಸಿ ಕೇಳದಿದ್ದರೆ ಅದು ವರದಿಯಲ್ಲಿ ಬರುವುದಿಲ್ಲ. ಪೆಟ್ರೋಲ್ ಸೇರಿದ ಬಾವಿಯ ನೀರಿಗೂ ಕುಡಿಯಲು ಯೋಗ್ಯ ಎಂಬ ವರದಿ ಸಿಗಬಹುದು. ಇದು ಪ್ರಯೋಗಾಲಯದ ತಪ್ಪಲ್ಲ, ಕೇಳಿದ್ದಕ್ಕಷ್ಟೇ ಅದು ಉತ್ತರ ಕೊಡುತ್ತದೆ.

ಇಳಿಜಾರಿನ ಊರುಗಳ ವಿಶೇಷ ಅಪಾಯ

ಕೊಡಗಿನ ಪೇಟೆಗಳು ಬಹುತೇಕ ಇಳಿಜಾರಿನಲ್ಲಿವೆ. ಕುಶಾಲನಗರದಿಂದ ಸುಂಟಿಕೊಪ್ಪ, ಮಡಿಕೇರಿ ದಾಟಿ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275 ಇರಲಿ, ವಿರಾಜಪೇಟೆ ಗೋಣಿಕೊಪ್ಪಲು ರಸ್ತೆ ಇರಲಿ, ರಸ್ತೆ ಒಂದು ಮಟ್ಟದಲ್ಲಿ ಸಾಗಿದರೆ ಮನೆ, ತೋಟ, ಬಾವಿ, ಗದ್ದೆಗಳು ಅದಕ್ಕಿಂತ ಕೆಳಗಿರುತ್ತವೆ. ಬಂಕ್ ಇರುವುದು ರಸ್ತೆಯ ಮಟ್ಟದಲ್ಲಿ. ಮೇಲ್ಪದರದ ಅಂತರ್ಜಲ ಸಾಮಾನ್ಯವಾಗಿ ನೆಲದ ಇಳುಕಲನ್ನೇ ಹಿಂಬಾಲಿಸುವುದರಿಂದ, ಸೋರಿದ್ದು ಹರಿಯುವ ದಾರಿಯಲ್ಲೇ ಬಾವಿಗಳು ಸಿಗುತ್ತವೆ. ಮೇಲೆ ಜಂಬಿಟ್ಟಿಗೆ ಮತ್ತು ಕೊಳೆತ ಕಲ್ಲಿನ ಪದರ, ಅದರಡಿ ಬಿರುಕು ಬಿಟ್ಟ ಗಟ್ಟಿ ಬಂಡೆ. ಮೇಲಿನ ಪದರದಲ್ಲಿ ನೀರು ಸುಲಭವಾಗಿ ಇಳಿಯುತ್ತದೆ. ಬಂಡೆಯ ಬಿರುಕಿಗೆ ಸೇರಿದ ಮೇಲೆ ಅದು ಯಾವ ದಿಕ್ಕಿಗೆ, ಎಷ್ಟು ದೂರ ಹೋಗುತ್ತದೆಂದು ಮೇಲಿನಿಂದ ನೋಡಿ ಹೇಳಲಾಗದು. ಪಕ್ಕದ ತೆರೆದ ಬಾವಿಗೆ ಏನೂ ಆಗದೆ ದೂರದ ಕೊಳವೆ ಬಾವಿ ಕೆಡುವುದೂ ಸಾಧ್ಯ.

ಮಳೆಯ ಪಾತ್ರ ಇನ್ನೊಂದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಜಲಮಟ್ಟ ನೆಲದ ಹತ್ತಿರಕ್ಕೆ ಏರಿ, ಬೇಸಿಗೆಯಲ್ಲಿ ಮತ್ತೆ ಇಳಿಯುತ್ತದೆ. ತೇಲುವ ಪೆಟ್ರೋಲ್ ಪದರವೂ ಜೊತೆಗೆ ಏರಿ ಇಳಿದು, ಆ ಎತ್ತರದ ಮಣ್ಣಿಗೆಲ್ಲ ಅಂಟಿಕೊಳ್ಳುತ್ತದೆ. ಬೇಸಿಗೆಯ ಒಂದು ಪರೀಕ್ಷೆಯಲ್ಲಿ ನೀರು ಶುದ್ಧವೆಂದು ಬಂದು, ಮುಂದಿನ ಮಳೆಗಾಲದಲ್ಲಿ ಅಂಟಿದ್ದು ಕರಗಿ ಮತ್ತೆ ಬೆಂಜೀನ್ ಕಾಣಿಸಿಕೊಳ್ಳುವುದು ಇದರಿಂದಲೇ. ಜಲಮಟ್ಟ ಏರಿದಾಗ ನೆಲದಲ್ಲೇ ಬಿಟ್ಟ ಖಾಲಿ ಟ್ಯಾಂಕನ್ನು ನೀರು ಮೇಲಕ್ಕೆ ತಳ್ಳುತ್ತದೆ. ಪೈಪುಗಳು ಮುರಿದು ಒಳಗೆ ಉಳಿದ ಎಣ್ಣೆ ಹೊರಬರಬಹುದು. ಹೀಗಾಗಿ ಟ್ಯಾಂಕನ್ನು ಸುಮ್ಮನೆ ಖಾಲಿ ಮಾಡಿ ಹಾಗೆಯೇ ಬಿಡುವುದು ಮಲೆನಾಡಿಗೆ ಹೊಂದುವ ಕ್ರಮವಲ್ಲ.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುವುದೂ ಇಲ್ಲಿ ಮುಖ್ಯ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿನೊಳಗೆ ಮಳೆನೀರು ಸೇರಿದರೆ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಮಣ್ಣಿಗೆ ಸೋರಿದಾಗ ಸೂಕ್ಷ್ಮಜೀವಿಗಳು ಮೊದಲು ಎಥನಾಲನ್ನು ತಿಂದು, ಅಲ್ಲಿದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಬೆಂಜೀನ್ ವಿಘಟನೆಯಾಗುವುದು ಆಗ ತಡವಾಗುತ್ತದೆ, ಅದು ಹೆಚ್ಚು ದೂರ ಸಾಗುತ್ತದೆ.

ಅಪಾಯ ಎಷ್ಟು ಹತ್ತಿರದ್ದು ಎಂಬುದಕ್ಕೆ ನೆರೆಯ ಕೇರಳದ ಒಂದು ಘಟನೆ ಸಾಕ್ಷಿ. 2023ರ ಆಗಸ್ಟ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರಂ ಬಳಿಯ ಪರಿಯಾಪುರಂನಲ್ಲಿ ಡೀಸೆಲ್ ಟ್ಯಾಂಕರ್ ಉರುಳಿತು. ಚೆಲ್ಲಿದ ಡೀಸೆಲ್ ಮಣ್ಣಿನೊಳಗೆ ಇಳಿದು ಸುತ್ತಲಿನ ಬಾವಿಗಳಿಗೆ ಸೇರಿತು. ಒಂದು ಬಾವಿಯಲ್ಲಿ ಬೆಂಕಿಯೇ ಹತ್ತಿಕೊಂಡಿತು. ಅದೊಂದು ಅಪಘಾತ, ಎಲ್ಲರ ಕಣ್ಣೆದುರು ನಡೆದದ್ದು. ಆದ್ದರಿಂದ ತಕ್ಷಣ ಬಾವಿಗಳ ಬಳಕೆ ನಿಲ್ಲಿಸಲು ಸಾಧ್ಯವಾಯಿತು. ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ ಆದದ್ದು ಬೇರೆ. ಅಲ್ಲಿ ನೆಲದಡಿಯ ತೈಲದ ಕೊಳವೆ ಸೋರಿದ್ದು ಬಯಲಾದದ್ದು 2013ರಲ್ಲಿ ಮನೆಗಳ ಕೊಳವೆ ಬಾವಿಗಳಲ್ಲಿ ಎಣ್ಣೆ ಬರತೊಡಗಿದಾಗ. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು, ಶುದ್ಧೀಕರಣ ವರ್ಷಗಟ್ಟಲೆ ಹಿಡಿಯಿತು. ಮುಚ್ಚಿದ ಬಂಕಿನ ಸೋರಿಕೆ ಈ ಎರಡನೆಯ ಜಾತಿಯದು. ಹುಡುಕದಿದ್ದರೆ ಅದು ಕಾಣುವುದು ಜನರ ಕೊಡದಲ್ಲಿ.

ಕಾನೂನಿನ ಕೈಯಲ್ಲಿ ಏನಿದೆ

ಪೆಸೊ ಸಂಸ್ಥೆ ಕೆಲಸ ಮಾಡುವುದು 1934ರ ಪೆಟ್ರೋಲಿಯಂ ಕಾಯ್ದೆ ಮತ್ತು 2002ರ ಪೆಟ್ರೋಲಿಯಂ ನಿಯಮಗಳ ಅಡಿ. ಅದರ ಮುಖ್ಯ ಕಾಳಜಿ ಬೆಂಕಿ ಮತ್ತು ಸ್ಫೋಟ. ಟ್ಯಾಂಕ್ ಖಾಲಿಯಾಗಿ, ಅನಿಲಮುಕ್ತವಾಗಿ, ಸುರಕ್ಷಿತವಾಗಿದೆಯೇ ಎಂದು ಅದು ನೋಡುತ್ತದೆ. ನೀರನ್ನು ಕಾಯುವ ಹೊಣೆ 1974ರ ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆಯ ಅಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಈ ಕಾಯ್ದೆ ನದಿ ತೊರೆಗಳ ಜೊತೆಗೆ ಭೂಗತ ಜಲವನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. 24ನೇ ಸೆಕ್ಷನ್ ವಿಷಕಾರಿ ವಸ್ತುಗಳನ್ನು ನೀರಿಗೆ, ಬಾವಿಗೆ ಸೇರಿಸುವುದನ್ನು ನಿಷೇಧಿಸುತ್ತದೆ. 32ನೇ ಸೆಕ್ಷನ್ ತುರ್ತು ಕ್ರಮಕ್ಕೆ, 33ಎ ಸೆಕ್ಷನ್ ಲಿಖಿತ ನಿರ್ದೇಶನ ನೀಡುವುದಕ್ಕೆ ಮಂಡಳಿಗೆ ಅಧಿಕಾರ ಕೊಡುತ್ತವೆ. 2020ರ ಜನವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬಂಕ್‌ಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೊಸ ಬಂಕ್ ಶಾಲೆ, ಆಸ್ಪತ್ರೆ, ವಸತಿ ಪ್ರದೇಶಗಳಿಂದ 50 ಮೀಟರ್ ದೂರವಿರಬೇಕೆಂಬ ಅಂಶ ಹೆಚ್ಚು ಪ್ರಚಾರ ಪಡೆಯಿತು. ಸೋರಿಕೆಯಿಂದ ಮಣ್ಣು, ಅಂತರ್ಜಲ ಕೆಟ್ಟರೆ ತೈಲ ಕಂಪನಿಯಿಂದಲೇ ಪರಿಸರ ಪರಿಹಾರ ವಸೂಲು ಮಾಡಬಹುದೆಂದೂ ಅದರಲ್ಲಿದೆ. ಊರಿನವರು ಹೆಚ್ಚು ಬಳಸಬೇಕಾದದ್ದು ಆ ಭಾಗವನ್ನು.

ಈ ಸರಪಳಿಗೆ ಹೊಸದಾಗಿ ಸೇರಿದ್ದು 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪ್ರಕಟಿಸಿದ ಕಲುಷಿತ ಪ್ರದೇಶಗಳ ನಿರ್ವಹಣಾ ನಿಯಮಗಳು. ಇವುಗಳ ಪ್ರಕಾರ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ಕಲುಷಿತ ಜಾಗಗಳ ವರದಿ ತಯಾರಿಸಬೇಕು. ಮಾಹಿತಿ ತಲುಪಿದ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ, ನಂತರದ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ನಡೆಯಬೇಕು. ಕಲುಷಿತವೆಂದು ಖಚಿತವಾದರೆ ಜಾಗವನ್ನು ಬಹಿರಂಗವಾಗಿ ಪ್ರಕಟಿಸಿ, ಬಳಕೆಗೆ ನಿರ್ಬಂಧ ಹಾಕಿ, ತಜ್ಞ ಸಂಸ್ಥೆಯಿಂದ ಶುದ್ಧೀಕರಣ ಯೋಜನೆ ಮಾಡಿಸಬೇಕು. ಯಾರು ಹೊಣೆ ಎಂಬುದನ್ನು ಮಂಡಳಿ 90 ದಿನಗಳಲ್ಲಿ ಗುರುತಿಸಬೇಕು; ಖರ್ಚು ಅವರದು. ಹೊಣೆಗಾರರು ಸಿಗದಿದ್ದರೆ ಕೇಂದ್ರ, ರಾಜ್ಯ ಸರಕಾರಗಳು ಹಣ ಹೊಂದಿಸಬೇಕು. ನಿಯಮಗಳ ದೊಡ್ಡ ಕೊರತೆಯೆಂದರೆ ಶುದ್ಧೀಕರಣ ಮುಗಿಸಲು ಗಡುವು ಇಲ್ಲದಿರುವುದು. ಗಡುವಿಲ್ಲದ ಕೆಲಸ ನಮ್ಮಲ್ಲಿ ಎಷ್ಟು ಎಳೆಯುತ್ತದೆಂದು ರಾಜಸ್ಥಾನದ ಬಿಚ್ಛ್ರಿ ಗ್ರಾಮ ಬಲ್ಲದು. ರಾಸಾಯನಿಕ ಕಾರ್ಖಾನೆಗಳಿಂದ ಅಲ್ಲಿನ ಬಾವಿಗಳು ಕೆಟ್ಟವು. ಕೆಡಿಸಿದವರೇ ಖರ್ಚು ಭರಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ಪ್ರಕರಣದಲ್ಲಿ 2011ರಲ್ಲೂ ನ್ಯಾಯಾಲಯ ಹಣ ಕಟ್ಟುವಂತೆ ಆದೇಶಿಸುತ್ತಲೇ ಇತ್ತು.

ಮುಚ್ಚುವ ಹಂತದ ಪರೀಕ್ಷೆ ಅಸಾಧ್ಯವಾದ ಬೇಡಿಕೆಯಲ್ಲ. ಅಮೆರಿಕದಲ್ಲಿ 1984ರಲ್ಲಿ ಭೂಗತ ಟ್ಯಾಂಕುಗಳಿಗೆ ಪ್ರತ್ಯೇಕ ಕಾನೂನು ಬಂತು, 1988ರಲ್ಲಿ ತಾಂತ್ರಿಕ ನಿಯಮಗಳು ಬಂದವು. ಟ್ಯಾಂಕನ್ನು ಶಾಶ್ವತವಾಗಿ ಮುಚ್ಚುವವರು ಮೊದಲೇ ತಿಳಿಸಬೇಕು. ಸೋರಿಕೆ ಹೆಚ್ಚು ಸಂಭವವಿರುವ ಜಾಗದಲ್ಲಿ ಅಳತೆ ಮಾಡಿ ದಾಖಲೆ ಇಡಬೇಕು. ಹೀಗೆ ಹುಡುಕಿದ್ದರಿಂದಲೇ ಅಲ್ಲಿ ಈವರೆಗೆ 5 ಲಕ್ಷಕ್ಕೂ ಹೆಚ್ಚು ಸೋರಿಕೆಗಳು ಖಚಿತಗೊಂಡಿವೆ, ಬಹುಪಾಲು ಕಡೆ ಶುದ್ಧೀಕರಣವೂ ಮುಗಿದಿದೆ. ಹೊಣೆಗಾರರಿಲ್ಲದ ಜಾಗಗಳಿಗೆಂದು ಇಂಧನದ ಮೇಲೆ ಸಣ್ಣ ತೆರಿಗೆ ಹಾಕಿ 1986ರಲ್ಲಿ ನಿಧಿ ಮಾಡಿದರು. ನಮ್ಮ ನಿಯಮಗಳಿಗೆ ಸೇರಬೇಕಾದದ್ದು ಮುಚ್ಚುವ ಮುನ್ನ ಅಳೆಯುವ ಈ ಒಂದು ಕಡ್ಡಾಯ ಹೆಜ್ಜೆ. ಅದು ಬರುವವರೆಗೆ ಜಿಲ್ಲಾಧಿಕಾರಿ ಮತ್ತು ಮಂಡಳಿಯ ಈಗಿನ ಅಧಿಕಾರದಲ್ಲೇ ಅದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಕೇಳಿಬರುವ ಆಕ್ಷೇಪಗಳು

ಇಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ ಎಲ್ಲವೂ ತೊಳೆದುಹೋಗುತ್ತದೆ ಎಂಬುದು ಮೊದಲ ಮಾತು. ಮಳೆ ತೊಳೆಯುತ್ತದೆ, ನಿಜ. ಆದರೆ ತೊಳೆದದ್ದು ಇಳಿಜಾರಿನ ಕೆಳಗಿನ ಒರತೆ, ಬಾವಿ, ತೋಡುಗಳ ಮೂಲಕವೇ ಹೋಗಬೇಕು. ಮೇಲಿನವನ ಜಾಗ ಶುದ್ಧವಾಗುವುದೆಂದರೆ ಕೆಳಗಿನವನ ಬಾವಿಗೆ ಸೇರುವುದು ಎಂದಾದರೆ, ಅದನ್ನು ಶುದ್ಧೀಕರಣ ಎನ್ನಲಾಗದು.

ಎರಡನೆಯ ಆಕ್ಷೇಪಕ್ಕೆ ವಿಜ್ಞಾನದ ಬೆಂಬಲವಿದೆ. ಅದನ್ನು ಗೌರವದಿಂದಲೇ ನೋಡಬೇಕು. ಮಣ್ಣಿನ ಸೂಕ್ಷ್ಮಜೀವಿಗಳು ಪೆಟ್ರೋಲನ್ನು ತಿಂದು ಮುಗಿಸುತ್ತವೆ, ಮನುಷ್ಯ ಕೈ ಹಾಕುವುದೇ ಬೇಡ ಎಂಬ ವಾದವದು. ಕ್ಯಾಲಿಫೋರ್ನಿಯಾದ ಸೋರಿಕೆಗಳನ್ನು ಪರಿಶೀಲಿಸಿದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ 1995ರ ಅಧ್ಯಯನ, ಬಹುಪಾಲು ಕಡೆ ಬೆಂಜೀನ್ ಸುಮಾರು 75 ಮೀಟರ್ ದಾಟದೆ ನಿಲ್ಲುತ್ತದೆ ಎಂದು ತೋರಿಸಿತು. ಆದರೆ ಈ ವಾದ ಪರೀಕ್ಷೆ ಬೇಡವೆನ್ನಲು ನೆರವಾಗುವುದಿಲ್ಲ. ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿವೆ ಎಂಬುದು ಅಳತೆಯಿಂದ ಮಾತ್ರ ಗೊತ್ತಾಗುತ್ತದೆ. ಬಿರುಕು ಬಂಡೆಯ ನಮ್ಮ ನೆಲಕ್ಕೆ ಅಲ್ಲಿನ ಅಂತರವನ್ನು ಹಾಗೆಯೇ ಅನ್ವಯಿಸಲಾಗದು. ಅನ್ವಯಿಸಿದರೂ, ನಮ್ಮ ಪೇಟೆಗಳಲ್ಲಿ ಬಂಕಿನಿಂದ 75 ಮೀಟರ್ ಒಳಗೆ ಬಾವಿಗಳಿರುವುದು ಸಾಮಾನ್ಯ. ಅದೇ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ 1996ರಲ್ಲಿ ಪೆಟ್ರೋಲಿಗೆ ಬೆರೆಸುವ ಎಂಟಿಬಿಇ ಎಂಬ ರಾಸಾಯನಿಕದಿಂದಾಗಿ ತನ್ನ ಕುಡಿಯುವ ನೀರಿನ ಸುಮಾರು ಅರ್ಧವನ್ನು ಕಳೆದುಕೊಂಡಿತ್ತು ಎಂಬುದನ್ನೂ ಮರೆಯಬಾರದು.

ಬಂಕ್ ನಡೆಸುವ ಡೀಲರ್ ಸಣ್ಣ ವ್ಯಾಪಾರಿ, ಅವನ ಮೇಲೆ ಈ ಹೊರೆ ಯಾಕೆ ಎಂಬುದು ಮೂರನೆಯ ಪ್ರಶ್ನೆ. ಹಲವು ಬಂಕ್‌ಗಳಲ್ಲಿ ಟ್ಯಾಂಕ್, ಪೈಪು, ಯಂತ್ರಗಳು ತೈಲ ಕಂಪನಿಯ ಆಸ್ತಿ. ಹಾಗಿದ್ದ ಕಡೆ ಹೊಣೆ ಮೊದಲು ಕಂಪನಿಯದು. 2020ರ ಮಾರ್ಗಸೂಚಿಯೂ ಅತ್ತಲೇ ಬೆರಳು ತೋರಿಸುತ್ತದೆ. ಮುಚ್ಚುವಾಗಲೇ ಪರೀಕ್ಷೆಯಾಗುವುದು ಡೀಲರಿಗೂ ರಕ್ಷಣೆ. ಹತ್ತು ವರ್ಷದ ನಂತರ ಬಾವಿ ಕೆಟ್ಟಿತೆಂದು ಯಾರಾದರೂ ದೂರಿದರೆ, ತಾನು ಬಿಟ್ಟ ದಿನ ನೆಲ ಶುದ್ಧವಾಗಿತ್ತು ಎನ್ನಲು ಅವನ ಕೈಯಲ್ಲಿ ಆ ವರದಿಯೊಂದೇ ಇರುತ್ತದೆ.

ಜಾಗದ ಹೆಸರು ಕಲುಷಿತ ಪಟ್ಟಿಗೆ ಸೇರಿದರೆ ಬೆಲೆ ಬೀಳುತ್ತದೆ ಎಂಬ ಭಯ ಮಾಲೀಕರದು. ಕೊಡಗಿನಲ್ಲಿ ಈ ಭಯಕ್ಕೆ ಹೆಚ್ಚಿನ ತೂಕವಿದೆ. ಒಕ್ಕದ, ಅಂದರೆ ಮನೆತನದ, ಹೆಸರಿನಲ್ಲಿರುವ ಪಾರಂಪರಿಕ ಹಕ್ಕಿನ ಜಮ್ಮಾ ಜಾಗವನ್ನು ಸುಲಭವಾಗಿ ಮಾರಿ ಬೇರೆಡೆ ಹೋಗಲಾಗದು. ಗುತ್ತಿಗೆ ಮುಗಿದ ಮೇಲೆ ಅದೇ ಕುಟುಂಬ, ಅದರ ಮಕ್ಕಳು ಮೊಮ್ಮಕ್ಕಳು ಆ ನೆಲದ ಮೇಲೆ ಬಾಳಬೇಕು, ಆ ನೀರು ಕುಡಿಯಬೇಕು. ಆದ್ದರಿಂದಲೇ ಮುಚ್ಚಿಡುವುದು ಮಾಲೀಕನಿಗೇ ಹೆಚ್ಚು ನಷ್ಟ. ಕಂಪನಿಯ ಗುತ್ತಿಗೆ ಜೀವಂತವಾಗಿರುವಾಗ ಪತ್ತೆಯಾದ ಮಾಲಿನ್ಯಕ್ಕೆ ಕೇಳುವ ದಾರಿಯಿರುತ್ತದೆ. ಗುತ್ತಿಗೆ ಮುಗಿದು, ಕಡತ ಮುಚ್ಚಿ, ಮಳಿಗೆ ಎದ್ದ ಮೇಲೆ ಪತ್ತೆಯಾದರೆ ಯಾರು ಕೆಡಿಸಿದ್ದೆಂದು ಸಾಬೀತುಪಡಿಸುವ ಕಷ್ಟ ಮಾಲೀಕನ ತಲೆಗೇ ಬರುತ್ತದೆ.

ನೆರೆಯವರು ಮಾಡಬೇಕಾದ್ದು

ಬಾವಿ ನೀರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಅಥವಾ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸುವುದನ್ನು ಕೂಡಲೇ ನಿಲ್ಲಿಸಬೇಕು. ಕುದಿಸಿದರೆ ಸರಿಹೋಗುವುದಿಲ್ಲ, ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಬಾವಿಗೆ ಇಳಿಯಬಾರದು, ಹತ್ತಿರ ಬೀಡಿ, ಬೆಂಕಿಕಡ್ಡಿ ಹಚ್ಚಬಾರದು, ಪಂಪ್‌ಸೆಟ್ ಚಾಲೂ ಮಾಡಬಾರದು. ಅಗ್ನಿಶಾಮಕ ಠಾಣೆಗೆ ಮತ್ತು ಪಂಚಾಯಿತಿಗೆ ತಿಳಿಸಿ, ಅಕ್ಕಪಕ್ಕದ ಮನೆಯವರಿಗೂ ಹೇಳಬೇಕು. ಲಿಖಿತ ದೂರನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಪ್ರತಿಗಳನ್ನು ಜಿಲ್ಲಾಧಿಕಾರಿಗೆ ಮತ್ತು ಗ್ರಾಮ ಪಂಚಾಯಿತಿ ಅಥವಾ ಪುರಸಭೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. 2025ರ ನಿಯಮಗಳಡಿ ಶಂಕಿತ ಕಲುಷಿತ ಜಾಗವೆಂದು ಪರಿಗಣಿಸಿ ಎಂಬ ವಾಕ್ಯ ದೂರಿನಲ್ಲಿ ಇರಲೇಬೇಕು. 90 ದಿನಗಳ ಲೆಕ್ಕ ಕೇಳಲು ಅದೇ ಆಧಾರವಾಗುತ್ತದೆ.

ವಾಸನೆಯಿಲ್ಲದೆ ಅನುಮಾನ ಮಾತ್ರವಿದ್ದರೆ ಪರೀಕ್ಷೆ ಮಾಡಿಸಬೇಕು. ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯವನ್ನು ಸಂಪರ್ಕಿಸಿ, ಬೆಂಜೀನ್, ಟೊಲೂನ್, ಈಥೈಲ್ ಬೆಂಜೀನ್, ಕ್ಸೈಲೀನ್ ಹಾಗೂ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಅವರ ಮಾನ್ಯತೆಯ ವ್ಯಾಪ್ತಿಯಲ್ಲಿವೆಯೇ, ಎಷ್ಟು ಸಣ್ಣ ಪ್ರಮಾಣದವರೆಗೆ ಅಳೆಯಬಲ್ಲರು ಎಂದು ಮೊದಲೇ ಕೇಳಬೇಕು. ಲೀಟರಿಗೆ 10 ಮೈಕ್ರೋಗ್ರಾಂಗಿಂತ ಕೆಳಗೆ ಅಳೆಯಲಾಗದ ಯಂತ್ರದ ವರದಿಯಿಂದ ಪ್ರಯೋಜನವಿಲ್ಲ. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಬಾರದು. ಪ್ರಯೋಗಾಲಯ ಕೊಡುವ ಗಾಜಿನ ಸೀಸೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ಅಂಚಿನವರೆಗೆ ತುಂಬಿ, ಐಸಿನಲ್ಲಿಟ್ಟು ಬೇಗ ತಲುಪಿಸಬೇಕು. ಸಾಧ್ಯವಾದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಪರೀಕ್ಷಿಸಬೇಕು. ನಾಲ್ಕಾರು ಮನೆಯವರು ಸೇರಿ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ, ಸಾಕ್ಷ್ಯವೂ ಗಟ್ಟಿಯಾಗುತ್ತದೆ.

ಹಳೆಯ ದಾಖಲೆ ತೆಗೆಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಜಿಲ್ಲಾಧಿಕಾರಿ ಕಚೇರಿಯಿಂದ ನಿರಾಕ್ಷೇಪಣಾ ಪತ್ರದ ಕಡತ, ಪೆಸೊದಿಂದ ಟ್ಯಾಂಕುಗಳ ಸಂಖ್ಯೆ, ಜಾಗ ತೋರಿಸುವ ನಕ್ಷೆ ಮತ್ತು ಪರವಾನಗಿ ಒಪ್ಪಿಸಿದ ದಿನಾಂಕ ಕೇಳಬಹುದು. ಸರಕಾರಿ ಸ್ವಾಮ್ಯದ ತೈಲ ಕಂಪನಿಗಳೂ ಈ ಕಾಯ್ದೆಯ ವ್ಯಾಪ್ತಿಯಲ್ಲಿರುವುದರಿಂದ ಟ್ಯಾಂಕಿನ ಸೋರಿಕೆ ಪರೀಕ್ಷೆಯ ವರದಿಗಳನ್ನು ಅವುಗಳಿಂದಲೇ ಕೇಳಲು ಸಾಧ್ಯ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ಕಚೇರಿಗಳಿಗೆ ಹಾಕುವ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದಗಳ ಒಳಗೆ ಇರಬೇಕೆಂಬುದು ನೆನಪಿರಲಿ. ಅಧಿಕಾರಿಗಳು ಕದಲದಿದ್ದರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠವಿದೆ. ಪರಿಹಾರ ಮತ್ತು ಜಾಗವನ್ನು ಮೊದಲಿನಂತೆ ಮಾಡಿಸುವ ಕೋರಿಕೆಗೆ ಐದು ವರ್ಷಗಳ ಅವಧಿ ಇದೆ. ಉಳಿದ ಪರಿಸರ ವಿವಾದಗಳಿಗೆ ಆರು ತಿಂಗಳು ಮಾತ್ರ. ದೂರಿನ ಮೇಲಿನ ದಿನಾಂಕಕ್ಕೆ ಇದರಿಂದಲೂ ಬೆಲೆ ಬರುತ್ತದೆ.

ಜಾಗದ ಮಾಲೀಕರು ಮತ್ತು ಪಂಚಾಯಿತಿ

ಜಾಗ ಗುತ್ತಿಗೆಗೆ ಕೊಡುವ ಅಥವಾ ಗುತ್ತಿಗೆ ನವೀಕರಿಸುವ ಕುಟುಂಬಗಳು ಮೂರು ಷರತ್ತುಗಳನ್ನು ಕರಾರಿನಲ್ಲೇ ಬರೆಸಬೇಕು. ಗುತ್ತಿಗೆ ಆರಂಭದಲ್ಲಿ ಮಣ್ಣು ಮತ್ತು ನೀರಿನ ಪರೀಕ್ಷೆ; ಮುಗಿಯುವಾಗ ಟ್ಯಾಂಕ್ ಮತ್ತು ಪೈಪುಗಳನ್ನು ಕಂಪನಿಯೇ ತೆಗೆದು, ಗುಂಡಿಯ ತಳ ಮತ್ತು ಬದಿಗಳ ಮಣ್ಣನ್ನು ಮುಚ್ಚುವ ಮುಂಚೆ ಪರೀಕ್ಷಿಸುವುದು; ಆಮೇಲೆ ಪತ್ತೆಯಾಗುವ ಮಾಲಿನ್ಯಕ್ಕೂ ಕಂಪನಿಯೇ ಹೊಣೆ ಎಂಬ ಒಪ್ಪಿಗೆ. ಈಗಾಗಲೇ ಮುಚ್ಚಿದ ಬಂಕಿನ ಜಾಗ ಕೊಳ್ಳುವವರು ಆರ್‌ಟಿಸಿ, ಇಸಿ ನೋಡುವಷ್ಟೇ ಎಚ್ಚರದಿಂದ ಟ್ಯಾಂಕ್ ತೆಗೆದ ದಾಖಲೆ ಕೇಳಬೇಕು. ತೋಟಗಳಲ್ಲಿ ಡೀಸೆಲ್ ಇಟ್ಟುಕೊಳ್ಳುವವರಿಗೂ ಇದು ಸಲ್ಲುತ್ತದೆ. ಯಾವ ಪಾತ್ರೆಯೂ 1,000 ಲೀಟರ್ ಮೀರದೆ ಒಟ್ಟು 2,500 ಲೀಟರಿನವರೆಗೆ ಡೀಸೆಲ್ ಇಡಲು ಪರವಾನಗಿ ಬೇಡ. ಪರವಾನಗಿ ಬೇಡವೆಂದರೆ ತಪಾಸಣೆಯೂ ಇಲ್ಲವೆಂದರ್ಥ. ಆದ್ದರಿಂದ ಪೀಪಾಯಿಗಳನ್ನು ಬಾವಿ, ಕೆರೆಗಳಿಂದ ದೂರ, ಸಿಮೆಂಟಿನ ಕಟ್ಟೆಯೊಳಗೆ ಇಡುವ ಎಚ್ಚರ ಮಾಲೀಕರದೇ.

ಪಂಚಾಯಿತಿಗಳಿಂದ ಆಗಬೇಕಾದ ಕೆಲಸ ಸಣ್ಣದು, ಫಲ ದೊಡ್ಡದು. ತಮ್ಮ ವ್ಯಾಪ್ತಿಯಲ್ಲಿ ಹಿಂದೆ ಬಂಕ್ ಇದ್ದ ಜಾಗಗಳ ಪಟ್ಟಿಯನ್ನು ಹಿರಿಯರಿಂದ ಕೇಳಿ ತಯಾರಿಸಬೇಕು. ಆ ಜಾಗಗಳಿಗಿಂತ ತಗ್ಗಿನಲ್ಲಿರುವ ಬಾವಿ, ಒರತೆಗಳನ್ನು ಗುರುತು ಹಾಕಬೇಕು. ಪಟ್ಟಿಯನ್ನು ಗ್ರಾಮ ಸಭೆಯ ಮುಂದಿಟ್ಟು, ಠರಾವಿನೊಂದಿಗೆ ಜಿಲ್ಲಾಧಿಕಾರಿಗೆ ಕಳಿಸಿದರೆ ಆರು ತಿಂಗಳ ವರದಿಗೆ ಬೇಕಾದ ಸಾಮಗ್ರಿ ಸಿದ್ಧವಾದಂತೆ. ಅಂಥ ಜಾಗದಲ್ಲಿ ಕಟ್ಟಡ ಪರವಾನಗಿ ಕೇಳಿ ಬಂದವರಿಂದ ಮಣ್ಣು ಪರೀಕ್ಷೆಯ ವರದಿ ಕೇಳುವ ರೂಢಿಯನ್ನೂ ಆರಂಭಿಸಬೇಕು.

ಶುದ್ಧೀಕರಣ ನಡೆಯುವಾಗ ಕೇಳಬೇಕಾದ ಪ್ರಶ್ನೆಗಳು

ಮಾಲಿನ್ಯ ಖಚಿತವಾದರೆ ಮೊದಲು ತೇಲುವ ಪೆಟ್ರೋಲ್ ಪದರವನ್ನು ಹೊರತೆಗೆಯಬೇಕು, ಕೆಟ್ಟ ಮಣ್ಣನ್ನು ಅಗೆದು ಸಾಗಿಸಬೇಕು. ಉಳಿದದ್ದಕ್ಕೆ ಮಣ್ಣಿನ ಆವಿಯನ್ನು ಪಂಪಿನಿಂದ ಹೀರುವುದು, ನೀರಿಗೆ ಗಾಳಿ ಹಾಯಿಸುವುದು, ನೀರನ್ನು ಎತ್ತಿ ಇದ್ದಿಲಿನ ಶೋಧಕದಲ್ಲಿ ಹಾಯಿಸುವುದು, ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಒದಗಿಸುವುದು ಹೀಗೆ ಹಲವು ವಿಧಾನಗಳಿವೆ. ಯಾವುದನ್ನು ಆರಿಸಬೇಕೆಂಬುದು ತಜ್ಞರ ಕೆಲಸ. ಊರಿನವರು ಕೇಳಬೇಕಾದದ್ದು ಬೇರೆ. ಬಂಕಿಗಿಂತ ಮೇಲ್ಭಾಗದಲ್ಲಿ ಒಂದು, ತಗ್ಗಿನಲ್ಲಿ ಕನಿಷ್ಠ ಎರಡು ವೀಕ್ಷಣಾ ಬಾವಿಗಳಿವೆಯೇ? ಮೂರಕ್ಕಿಂತ ಕಡಿಮೆಯಿದ್ದರೆ ನೀರು ಹರಿಯುವ ದಿಕ್ಕನ್ನೇ ಲೆಕ್ಕ ಹಾಕಲಾಗದು. ಯಾವ ರಾಸಾಯನಿಕ ಎಷ್ಟಕ್ಕೆ ಇಳಿದರೆ ಕೆಲಸ ಮುಗಿದಂತೆ ಎಂದು ಯೋಜನೆಯಲ್ಲಿ ಅಂಕಿಯಲ್ಲಿ ಬರೆದಿದೆಯೇ? ಮಾದರಿ ತೆಗೆಯುವವರು ಶುದ್ಧೀಕರಣದ ಗುತ್ತಿಗೆದಾರರೋ, ಮಂಡಳಿಯವರೋ? ಅಗೆದ ಮಣ್ಣು ಎಲ್ಲಿಗೆ ಹೋಯಿತು? ಅಲ್ಲಿಯವರೆಗೆ ಕುಡಿಯುವ ನೀರು ಯಾರು ಕೊಡುತ್ತಾರೆ? ಈ ಐದಕ್ಕೂ ಲಿಖಿತ ಉತ್ತರ ಬೇಕು.

ಮುಕ್ತಾಯದ ಪತ್ರ ಕೊಡುವ ಹಂತದಲ್ಲಿ ಅವಸರ ಮಾಡದಿರುವುದೇ ಮಲೆನಾಡಿನ ಮಟ್ಟಿಗೆ ಮುಖ್ಯ. ಜಲಮಟ್ಟ ಏರಿ ಇಳಿಯುವ ನೆಲದಲ್ಲಿ ಒಂದು ಬೇಸಿಗೆಯ ಒಳ್ಳೆಯ ಅಂಕಿ ಸಾಲದು. ಕನಿಷ್ಠ ಎರಡು ಮಳೆಗಾಲಗಳ ಮುಂಚೆ ಮತ್ತು ನಂತರದ ಮಾದರಿಗಳು ಸತತವಾಗಿ ಮಿತಿಯೊಳಗೆ ಬಂದ ಮೇಲೆಯೇ ಮಂಡಳಿ ಕಡತ ಮುಚ್ಚಬೇಕು, ಆ ಅಂಕಿಗಳನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಬೇಕು. ನಿಯಮಗಳಲ್ಲಿ ಇಲ್ಲದ ಗಡುವನ್ನು ಜಿಲ್ಲಾಧಿಕಾರಿ ತಮ್ಮ ಆದೇಶದಲ್ಲಿ ಸೇರಿಸಲು ಅಡ್ಡಿಯಿಲ್ಲ. ಜನ ಅದನ್ನು ಕೇಳಬೇಕು. ಕೆಟ್ಟ ಅಂತರ್ಜಲವನ್ನು ಸರಿಪಡಿಸುವ ಖರ್ಚು ಮುಚ್ಚುವ ದಿನದ ಒಂದು ಪರೀಕ್ಷೆಯ ಖರ್ಚಿನ ಮುಂದೆ ಎಷ್ಟೋ ಪಟ್ಟು ದೊಡ್ಡದು, ಆ ಖರ್ಚನ್ನು ಮಾಡಿದ ಮೇಲೂ ನೀರು ಮೊದಲಿನಂತಾಗಲು ವರ್ಷಗಳು ಬೇಕು. ಮುಂದಿನ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಹಳೆಯ ಬಂಕ್ ಜಾಗಗಳ ಪಟ್ಟಿ ಎಂಬ ಒಂದು ಸಾಲು ಸೇರಿಸಿ. ಆ ಸಾಲಿನಿಂದ ಠರಾವು, ಠರಾವಿನಿಂದ ಜಿಲ್ಲಾಧಿಕಾರಿಯ ವರದಿ, ವರದಿಯಿಂದ ಮಂಡಳಿಯ 90 ದಿನಗಳು ಶುರುವಾಗುತ್ತವೆ.